ಮೆಣಸಿನ ಏಣಿಯಿಂದ ಬಿದ್ದರೆ: ಮೊದಲ ಗಂಟೆಯಿಂದ ಪಿಂಚಣಿಯವರೆಗೆ

ಕೊಡಗಿನಲ್ಲಿ ರೊಬಸ್ಟಾ ಕಾಫಿಯ ಕೊಯ್ಲು ಮುಗಿಯುತ್ತಾ ಬಂದಂತೆ ಕಾಳುಮೆಣಸಿನ ಕೆಲಸ ಶುರುವಾಗುತ್ತದೆ. ಸಿಲ್ವರ್ ಓಕ್ ಮರಕ್ಕೆ ಇಪ್ಪತ್ತೈದು ಮೂವತ್ತು ಅಡಿ ಏಣಿ ಒರಗಿಸಿ, ಸೊಂಟಕ್ಕೆ ಚೀಲ ಕಟ್ಟಿಕೊಂಡು ಹತ್ತಿದವನಿಗೆ ಕೆಳಗೆ ಏಣಿ ಹಿಡಿಯಲು ಒಬ್ಬ ಇರಬೇಕು. ಎಷ್ಟೋ ತೋಟಗಳಲ್ಲಿ ಆ ಒಬ್ಬನೂ ಮೆಣಸು ಆರಿಸಲು ಹೋಗಿರುತ್ತಾನೆ. ಮಳೆ ಹಿಡಿಯುವ ಮೊದಲು ಮರಗಸಿ, ಅಂದರೆ ನೆರಳು ಮರಗಳ ಕೊಂಬೆ ಕಡಿಯುವ ಕೆಲಸ ಬೇರೆ ಇರುತ್ತದೆ. ವರ್ಷವಿಡೀ ಕಳೆ ಕತ್ತರಿಸುವ ಯಂತ್ರದಿಂದ ಸಿಡಿಯುವ ಕಲ್ಲು ಕಣ್ಣಿಗೆ ಬಡಿಯುವುದೂ ಉಂಟು.

ಇಂಥ ಗಾಯಾಳುಗಳಿಗೆ ಅರ್ಜಿ ಬರೆದುಕೊಡುವ ಕೆಲಸ ನನಗೆ ಆಗಾಗ ಬರುತ್ತದೆ. ನನ್ನಲ್ಲಿಗೆ ಬರುವವರು ಬಿದ್ದು ಮೂರು ತಿಂಗಳಾದ ಮೇಲೆ ಬರುತ್ತಾರೆ. ಕೈಯಲ್ಲಿ ಒಂದು ಎಕ್ಸ್‌ರೇ, ಔಷಧಿ ಅಂಗಡಿಯ ಎರಡು ಚೀಟಿ ಇರುತ್ತವೆ. ಎಲ್ಲಿ ಬಿದ್ದರು, ಯಾರ ಕೆಲಸಕ್ಕೆ ಹೋಗಿದ್ದರು ಎಂಬುದಕ್ಕೆ ಒಂದು ಸಾಲಿನ ದಾಖಲೆಯೂ ಇರುವುದಿಲ್ಲ. ಕಾನೂನು ಗಾಯಾಳುವಿನ ಪರವಾಗಿಯೇ ಇದೆ, ಆದರೆ ಕಾಗದ ಇಲ್ಲದವನಿಗೆ ಅದು ದಕ್ಕುವುದಿಲ್ಲ. ಹಾಗಾಗಿ ಮೊದಲ ದಿನದಿಂದಲೇ ಹೇಳುತ್ತೇನೆ.

ಮೊದಲ ಗಂಟೆ

ಬಿದ್ದವನನ್ನು ಎಬ್ಬಿಸಿ ಕೂರಿಸಿ ನೀರು ಕುಡಿಸುವುದು ನಮ್ಮಲ್ಲಿ ಮೊದಲು ಮಾಡುವ ಕೆಲಸ. ಅದನ್ನು ಮಾಡಬೇಡಿ. ಎತ್ತರದಿಂದ ಬಿದ್ದವನಿಗೆ ಬೆನ್ನುಮೂಳೆ ಮುರಿದಿರಬಹುದು, ಅಲುಗಾಡಿಸಿದರೆ ಕಾಲಿನ ಸ್ವಾಧೀನವೇ ಹೋಗಬಹುದು. 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ತೋಟದ ದಾರಿಯಲ್ಲಿ ಇಳಿಯುವುದಿಲ್ಲ ಎಂದಾದರೆ ಹಲಗೆಯ ಮೇಲೋ ಕಳಚಿದ ಬಾಗಿಲಿನ ಮೇಲೋ ನೇರವಾಗಿ ಮಲಗಿಸಿ, ತಲೆ ಅಲ್ಲಾಡದಂತೆ ಹಿಡಿದು, ನಾಲ್ಕು ಜನ ಸೇರಿ ರಸ್ತೆಗೆ ತನ್ನಿ. ಇಬ್ಬರ ನಡುವೆ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಏಣಿ ಕರೆಂಟ್ ತಂತಿಗೆ ತಾಗಿದ್ದರೆ ಮಾತೇ ಬೇರೆ. ತಂತಿಯಲ್ಲಿ ಕರೆಂಟ್ ಇಲ್ಲ ಎಂದು ಖಚಿತವಾಗುವವರೆಗೆ ಏಣಿಯನ್ನಾಗಲಿ ಮನುಷ್ಯನನ್ನಾಗಲಿ ಮುಟ್ಟಬಾರದು. ವಿದ್ಯುತ್ ಸರಬರಾಜು ಕಂಪನಿ ಸೆಸ್ಕ್‌ನ 1912ಕ್ಕೆ ಕರೆ ಮಾಡಿ ಲೈನ್ ಆಫ್ ಮಾಡಿಸಿ. ಬಿದಿರಿನ ಕೋಲಿನಿಂದ ದೂಡುತ್ತೇನೆ ಎನ್ನುವ ಧೈರ್ಯವಂತರು ಇರುತ್ತಾರೆ. ಹಸಿ ಬಿದಿರು ಕರೆಂಟ್ ಹರಿಸುತ್ತದೆ, 11 ಸಾವಿರ ವೋಲ್ಟಿನ ಲೈನಿಗೆ ಒಣ ಬಿದಿರನ್ನೂ ನಂಬುವಂತಿಲ್ಲ.

ಆಸ್ಪತ್ರೆಯಲ್ಲಿ ಹೇಳುವ ಮಾತು

ಎಲ್ಲ ಹಾಳಾಗುವುದು ಇಲ್ಲಿಯೇ. ಡಾಕ್ಟರ್ ‘ಏನಾಯ್ತು?’ ಎಂದು ಕೇಳುತ್ತಾರೆ. ಜೊತೆಗೆ ಬಂದ ತೋಟದ ಲೆಕ್ಕ ಬರೆಯುವ ರೈಟರೋ ಆಳು ಕರೆತರುವ ಮೇಸ್ತ್ರಿಯೋ ‘ಮನೆ ಹತ್ತಿರ ಜಾರಿ ಬಿದ್ದ ಸಾರ್’ ಎನ್ನುತ್ತಾನೆ. ಪೊಲೀಸ್ ಕೇಸ್ ಯಾಕೆ, ತಲೆನೋವು ಯಾಕೆ ಎಂಬುದಷ್ಟೇ ಅವನ ಉದ್ದೇಶ ಇರಬಹುದು, ಕೆಟ್ಟ ಮನಸ್ಸೇ ಆಗಬೇಕೆಂದಿಲ್ಲ. ಆದರೆ ಆ ಒಂದು ಸಾಲು ಕೇಸ್ ಶೀಟಿನಲ್ಲಿ ಕೂತುಬಿಡುತ್ತದೆ. ಎರಡು ವರ್ಷ ಕಳೆದ ಮೇಲೆ ವಿಮಾ ಕಂಪನಿಯ ವಕೀಲರು ಮೊದಲು ಓದುವುದು ಅದನ್ನೇ.

ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಹೇಳಿ: ಇಂಥ ಊರಿನ ಇಂಥವರ ತೋಟದಲ್ಲಿ, ಮೆಣಸು ಕೊಯ್ಯುವಾಗ, ಇಷ್ಟು ಗಂಟೆಗೆ, ಏಣಿಯಿಂದ ಬಿದ್ದದ್ದು. ಎಂಎಲ್‌ಸಿ (ಮೆಡಿಕೋ ಲೀಗಲ್ ಕೇಸ್, ಅಂದರೆ ಪೊಲೀಸರಿಗೂ ತಿಳಿಸುವ ಪ್ರಕರಣ) ಎಂದು ನಮೂದಿಸಿ ಎಂದು ಬಾಯಿಬಿಟ್ಟು ಕೇಳಿ, ಅದರ ಸಂಖ್ಯೆ ಬರೆದುಕೊಳ್ಳಿ. ಮಡಿಕೇರಿಯಿಂದ ಮೈಸೂರಿಗೆ ಕಳಿಸುವುದಾದರೆ ರೆಫರಲ್ ಪತ್ರ ಇಲ್ಲದೆ ಹೊರಡಬೇಡಿ. ಬಿಪಿಎಲ್ ಕಾರ್ಡ್, ಆಧಾರ್ ಜೊತೆಗಿರಲಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ, ಆದರೆ ಆ ಬಾಗಿಲು ಸಾಮಾನ್ಯವಾಗಿ ತೆರೆಯುವುದು ರೆಫರಲ್ ಪತ್ರದಿಂದ.

ಅದೇ ವಾರ: ಮಾಲೀಕರಿಗೆ ಬರಹದಲ್ಲಿ ತಿಳಿಸಿ

ಮಾಲೀಕರು ಆಸ್ಪತ್ರೆಗೆ ಬಂದು ನೋಡಿ ಹೋಗಿರಬಹುದು, ಖರ್ಚಿಗೆ ಹಣವನ್ನೂ ಕೊಟ್ಟಿರಬಹುದು. ಆದರೂ ಒಂದು ಕಾಗದ ಬೇಕು. ಹೆಸರು, ದಿನಾಂಕ, ಜಾಗ, ಗಾಯ, ಇಬ್ಬರು ಸಾಕ್ಷಿಗಳು, ಇಷ್ಟಿದ್ದರೆ ಸಾಕು. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ವಾಟ್ಸಾಪಿನಲ್ಲೂ ಕಳಿಸಿದರೆ ಒಳ್ಳೆಯದು, ನೀಲಿ ಗೆರೆ ಕಂಡರೆ ಸ್ಕ್ರೀನ್‌ಶಾಟ್ ತೆಗೆಯಿರಿ. ಕೂಲಿ ಎಷ್ಟು ಸಿಗುತ್ತಿತ್ತು ಎಂಬುದಕ್ಕೆ ಹಾಜರಿ ಪುಸ್ತಕದ (ಚೆಕ್‌ರೋಲ್) ಫೋಟೋ, ಫೋನ್‌ಪೇಯಲ್ಲಿ ಬಂದ ಬಟವಾಡೆ, ವಾರದ ಲೆಕ್ಕದ ಚೀಟಿ, ಯಾವುದಾದರೂ ನಡೆಯುತ್ತದೆ.

ಕೆಲಸಕ್ಕೆ ಕರೆತಂದದ್ದು ಮೇಸ್ತ್ರಿ, ತೋಟ ಇನ್ನೊಬ್ಬರದ್ದು ಎಂದಾಗ ‘ಅವನನ್ನು ಕೇಳು’, ‘ಇವರನ್ನು ಕೇಳು’ ಎಂಬ ಆಟ ಶುರುವಾಗುತ್ತದೆ. ಗುತ್ತಿಗೆದಾರನ ಆಳಿಗೂ ಮೂಲ ಮಾಲೀಕರಿಂದ ಪರಿಹಾರ ಕೇಳುವ ಹಕ್ಕಿದೆ. ಕೊಟ್ಟ ಮಾಲೀಕರು ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬಹುದು. ಮರದ ಮೇಲಿನ ಮೆಣಸನ್ನೇ ವ್ಯಾಪಾರಿಗೆ ಮಾರಿದ ತೋಟದಲ್ಲಿ ಪ್ರಶ್ನೆ ಇನ್ನೂ ಜಟಿಲ. ಅರ್ಜಿಯಲ್ಲಿ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ, ಯಾರು ಕೊಡಬೇಕೆಂಬುದನ್ನು ತೀರ್ಪು ಕೊಡುವವರು ನೋಡಿಕೊಳ್ಳಲಿ.

ಲೆಕ್ಕ ಹೀಗೆ

ಮೊದಲು ಇಂಥ ಪರಿಹಾರಕ್ಕೆ ಆಧಾರವಾಗಿದ್ದುದು 1923ರ ನೌಕರರ ಪರಿಹಾರ ಕಾಯ್ದೆ. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ 2020 ಆ ಜಾಗಕ್ಕೆ ಬಂದಿದೆ. ಹೆಸರು ಬದಲಾದರೂ ಲೆಕ್ಕದ ದಾರಿ ಹೆಚ್ಚುಕಡಿಮೆ ಅದೇ. ಮನೆಯಿಂದ ಕೆಲಸಕ್ಕೆ ಹೋಗುವ ಅಥವಾ ಮರಳುವ ದಾರಿಯ ಅಪಘಾತವೂ, ಕೆಲಸದೊಂದಿಗೆ ಅದರ ಸಂಬಂಧ ತೋರಿಸಿದರೆ, ಹೊಸ ಸಂಹಿತೆಯ ವ್ಯಾಪ್ತಿಗೆ ಬರುತ್ತದೆ. ಪಿಕಪ್‌ನ ಹಿಂದೆ ನಿಂತು ತೋಟಕ್ಕೆ ಹೋಗುವ ನಮ್ಮ ಕಾರ್ಮಿಕರಿಗೆ ಇದು ಸಣ್ಣ ಮಾತಲ್ಲ.

ಮಾಸಿಕ ಕೂಲಿಯ ಶೇ 60ನ್ನು ವಯಸ್ಸಿಗೆ ತಕ್ಕ ಒಂದು ಅಂಕಿಯಿಂದ ಗುಣಿಸಬೇಕು. ಕೂಲಿ ಎಷ್ಟೇ ಇದ್ದರೂ ಲೆಕ್ಕಕ್ಕೆ ಹಿಡಿಯುವ ಮಿತಿ 2020ರ ಜನವರಿಯಲ್ಲಿ ನಿಗದಿಯಾದಂತೆ ತಿಂಗಳಿಗೆ 15,000 ರೂಪಾಯಿ. ನಲವತ್ತು ವರ್ಷದವನಿಗೆ ಗುಣಿಸುವ ಅಂಕಿ 184.17. ಅಂದರೆ 9,000 ಗುಣಿಸು 184.17, ಒಟ್ಟು 16,57,530 ರೂಪಾಯಿ. ಇದು ಪೂರ್ತಿ ದುಡಿಮೆ ಕಳೆದುಕೊಂಡವನಿಗೆ. ಭಾಗಶಃ ಕಳೆದುಕೊಂಡರೆ ಇದರ ಶೇಕಡಾವಾರು. ಹೆಬ್ಬೆರಳು ಹೋದರೆ ಕಾಯ್ದೆಯ ಪಟ್ಟಿಯಲ್ಲಿ ಶೇ 30, ಆ ಲೆಕ್ಕದಲ್ಲಿ 4,97,259 ರೂಪಾಯಿ. ಸಾವಾದರೆ ಶೇ 60ರ ಬದಲು ಶೇ 50. ಆಸ್ಪತ್ರೆಯ ಖರ್ಚು ಇದರ ಹೊರಗೆ, ಅದನ್ನೂ ಮಾಲೀಕರೇ ಭರಿಸಬೇಕು. ಕೆಲವು ತಿಂಗಳು ಮಲಗಿ ಎದ್ದು ಮತ್ತೆ ಕೆಲಸಕ್ಕೆ ಹೋಗುವಂತಾದರೆ, ಮಲಗಿದ್ದ ಅವಧಿಗೆ ಹದಿನೈದು ದಿನಕ್ಕೊಮ್ಮೆ ತಿಂಗಳ ಕೂಲಿಯ ಶೇ 25.

ಕೈಬೆರಳಿಗೆ ಕಾಯ್ದೆಯ ಪಟ್ಟಿಯಲ್ಲಿ ಶೇಕಡಾ ಲೆಕ್ಕ ಇದೆ, ಮುರಿದ ಬೆನ್ನಿಗೆ ಇಲ್ಲ. ಅಲ್ಲಿ ವೈದ್ಯರ ಅಂದಾಜೇ ಆಧಾರ. ಆಗ ಕೇಳಬೇಕಾದ ಪ್ರಶ್ನೆಯನ್ನು ಹೆಚ್ಚಿನವರು ಕೇಳುವುದೇ ಇಲ್ಲ. ದೇಹದ ಊನ ಎಷ್ಟು ಎಂಬುದು ಒಂದು, ದುಡಿಯುವ ಶಕ್ತಿ ಎಷ್ಟು ಹೋಯಿತು ಎಂಬುದು ಇನ್ನೊಂದು. ಪಾದದ ಕೀಲು ಮುರಿದವನಿಗೆ ಊನ ಶೇ 20 ಇರಬಹುದು, ಆದರೆ ಮರ ಹತ್ತುವುದೇ ಅವನ ಕಸುಬಾದರೆ? ಎಡಗೈ ಕತ್ತರಿಸಿಕೊಂಡ ಒಬ್ಬ ಬಡಗಿಯ ಪ್ರಕರಣದಲ್ಲಿ 1976ರಲ್ಲೇ ಸುಪ್ರೀಂ ಕೋರ್ಟ್, ಒಂದೇ ಕೈಯಲ್ಲಿ ಬಡಗಿ ಕೆಲಸ ಆಗುವುದಿಲ್ಲ, ಆದ್ದರಿಂದ ಅವನ ನಷ್ಟ ನೂರಕ್ಕೆ ನೂರು ಎಂದು ಹೇಳಿದೆ. ಡಾಕ್ಟರ ಪ್ರಮಾಣಪತ್ರದಲ್ಲಿ ‘ಮರ ಹತ್ತುವ ಕೆಲಸ ಮಾಡಲು ಆಗದು’ ಎಂಬ ಒಂದು ಸಾಲು ಬರೆಸಿಕೊಳ್ಳಿ.

ಅರ್ಜಿಗೆ ಎರಡು ವರ್ಷ ಕಾಲಾವಕಾಶವಿದೆ. ಅಪಘಾತ ನಡೆದ ಜಾಗದಲ್ಲೇ ಹಾಕಬೇಕೆಂದಿಲ್ಲ, ಗಾಯಾಳುವೋ ಅವಲಂಬಿತರೋ ವಾಸಿಸುವ ಜಾಗದಲ್ಲೂ ಹಾಕಬಹುದು. ತೋಟದಲ್ಲಿ ಗಂಡನನ್ನು ಕಳೆದುಕೊಂಡು ಅಸ್ಸಾಮಿಗೆ ಮರಳಿದ ಹೆಣ್ಣುಮಗಳು ಮಡಿಕೇರಿಗೆ ಓಡಾಡಬೇಕಿಲ್ಲ. ಮಾಲೀಕರು ಒಂದು ತಿಂಗಳೊಳಗೆ ಕೊಡದಿದ್ದರೆ ಶೇ 12ರ ಬಡ್ಡಿ, ಜೊತೆಗೆ ಶೇ 50ರವರೆಗೆ ದಂಡ.

ವಕೀಲರಿಗೆ ಕೊಡಲು ಹಣವಿಲ್ಲವೇ? ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟಿದ್ದರೂ ವಕೀಲರು ಉಚಿತ. ಎರವ, ಜೇನುಕುರುಬ ಕುಟುಂಬಗಳು ಇದನ್ನು ಬಳಸಿಕೊಳ್ಳುವುದು ಕಡಿಮೆ. ಅರ್ಜಿ ಯಾವ ಪ್ರಾಧಿಕಾರದ ಮುಂದೆ ಹೋಗಬೇಕು ಎಂಬುದನ್ನೂ ಅಲ್ಲಿಯೇ ಹೇಳುತ್ತಾರೆ.

ಹೆಬ್ಬೆಟ್ಟು ಒತ್ತುವ ಮೊದಲು

ನಮ್ಮಲ್ಲಿ ಹೆಚ್ಚಿನ ಪ್ರಕರಣಗಳು ಮಾಲೀಕರ ಮನೆ ಜಗಲಿಯಲ್ಲಿ ಮುಗಿಯುತ್ತವೆ. ಒಮ್ಮೆ ಕಾರ್ಮಿಕರ ಲೈನ್ ಮನೆಯೊಂದರಲ್ಲಿ ನನಗೆ ತೋರಿಸಿದ ಕಾಗದದಲ್ಲಿ ಸಹಿಗೆ ಮೇಲೆ ಏನೂ ಬರೆದಿರಲಿಲ್ಲ, ಖಾಲಿ ಹಾಳೆಯ ತಳದಲ್ಲಿ ಒಂದು ಹೆಬ್ಬೆಟ್ಟು. ಇನ್ನೊಂದು ಪ್ರತಿ ಮಾಲೀಕರ ಬಳಿ ಇದೆ ಎಂದರು. ಅದರಲ್ಲಿ ಏನು ಬರೆದಿದೆಯೋ ಯಾರಿಗೆ ಗೊತ್ತು.

ಪರಿಹಾರದ ಹಕ್ಕನ್ನು ಬಿಟ್ಟುಕೊಡುತ್ತೇನೆ ಎಂದು ಬರೆದುಕೊಟ್ಟ ಕರಾರಿಗೆ ಕಾನೂನಿನಲ್ಲಿ ಬೆಲೆಯಿಲ್ಲ. ರಾಜಿಯಾಗುವುದಾದರೆ ಅದನ್ನು ಪರಿಹಾರದ ಅರ್ಜಿ ಕೇಳುವ ಪ್ರಾಧಿಕಾರದ ಮುಂದೆ ದಾಖಲಿಸಬೇಕು. ಸಾವಿನ ಪ್ರಕರಣದಲ್ಲಿ ಹಣವನ್ನು ಮನೆಯವರ ಕೈಗೆ ನೇರವಾಗಿ ಕೊಟ್ಟರೆ ಅದು ಪರಿಹಾರ ಕೊಟ್ಟ ಲೆಕ್ಕಕ್ಕೆ ಬರುವುದಿಲ್ಲ, ಆ ಪ್ರಾಧಿಕಾರದಲ್ಲೇ ಠೇವಣಿ ಇಡಬೇಕು. ಇದು ಬೆಳೆಗಾರರಿಗೂ ಗೊತ್ತಿರಬೇಕಾದ ಮಾತು. ಐದಾರು ಎಕರೆ ತೋಟದವರು ಹದಿನೈದು ಲಕ್ಷ ಎಲ್ಲಿಂದ ತರುತ್ತಾರೆ? ಕಾರ್ಮಿಕರ ಪರಿಹಾರಕ್ಕೆಂದೇ ವಿಮಾ ಕಂಪನಿಗಳ ಪಾಲಿಸಿ ಇದೆ. ಕೊಯ್ಲು ಶುರುವಾಗುವ ಮೊದಲು ಮಾಡಿಸಿದರೆ ಎರಡೂ ಮನೆಗಳು ಉಳಿಯುತ್ತವೆ.

ಗಾಯ ತೋಟದ ಕೆಲಸದಿಂದ ಆದದ್ದಲ್ಲದಿದ್ದರೆ ದಾರಿ ಬೇರೆ. ಆನೆ ತುಳಿದರೆ ಅರಣ್ಯ ಇಲಾಖೆ, ಸಹಾಯವಾಣಿ 1926, ವಲಯ ಅರಣ್ಯಾಧಿಕಾರಿ ಬಂದು ಮಹಜರು ಮಾಡುವವರೆಗೆ ಜಾಗ ಕೆಡಿಸಬೇಡಿ. ರಸ್ತೆ ಅಪಘಾತವಾದರೆ ಮೊದಲ ಏಳು ದಿನ ಒಂದೂವರೆ ಲಕ್ಷದವರೆಗೆ ನಗದುರಹಿತ ಚಿಕಿತ್ಸೆ 2025ರಿಂದ ಇದೆ. ಗುದ್ದಿ ಓಡಿಹೋದ ವಾಹನ ಸಿಗದಿದ್ದರೂ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಸಿಗುತ್ತದೆ. ಮೋಟಾರು ಅಪಘಾತ ಪರಿಹಾರದ ಅರ್ಜಿಗೆ ಕಾಯ್ದೆ ಹೇಳುವುದು ಆರು ತಿಂಗಳು, ಎರಡು ವರ್ಷ ಎಂದುಕೊಂಡು ಕೂರಬೇಡಿ.

ಊನ ಉಳಿದರೆ: ಕಾರ್ಡ್, ಪಿಂಚಣಿ

ಗಾಯ ಮಾಗಿ ಚಿಕಿತ್ಸೆ ಒಂದು ನೆಲೆಗೆ ಬಂದ ಮೇಲೆ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. ಆಧಾರ್, ಫೋಟೋ, ಆಸ್ಪತ್ರೆ ದಾಖಲೆ ಸಾಕು. ಆನ್‌ಲೈನ್ ಬಾರದವರಿಗೆ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಮಾಡಿಕೊಡುತ್ತಾರೆ, ಅದು ಅವರ ಕೆಲಸವೇ. ತಪಾಸಣೆಗೆ ಮಡಿಕೇರಿಯ ಜಿಲ್ಲಾ ಆಸ್ಪತ್ರೆಗೆ, ಅಂದರೆ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ ಕರೆಯುತ್ತಾರೆ. ಶೇ 40ಕ್ಕಿಂತ ಕಡಿಮೆ ಇದ್ದರೆ ಬಿಳಿ ಕಾರ್ಡ್, ಅದಕ್ಕಿಂತ ಮೇಲೆ ಹಳದಿ, ಶೇ 80 ದಾಟಿದರೆ ನೀಲಿ. ಬಿಳಿ ಕಾರ್ಡಿನಿಂದ ಪಿಂಚಣಿ ಬರುವುದಿಲ್ಲ. ಪರೀಕ್ಷೆಯ ದಿನ ನೋವು ನುಂಗಿಕೊಂಡು ‘ಪರವಾಗಿಲ್ಲ, ನಡೀತೀನಿ’ ಎನ್ನುವ ನಮ್ಮ ಜನರಿಗೆ ಇದನ್ನು ಮೊದಲೇ ಹೇಳಬೇಕು.

ಪಿಂಚಣಿಗೆ ನಾಡಕಚೇರಿಯಲ್ಲಿ ಅರ್ಜಿ. ಶೇ 40ರಿಂದ 75ರವರೆಗೆ ತಿಂಗಳಿಗೆ 800 ರೂಪಾಯಿ, ಅದಕ್ಕಿಂತ ಹೆಚ್ಚಿಗೆ 1,400. ವರಮಾನದ ಮಿತಿ ವರ್ಷಕ್ಕೆ 32,000, ಅಂದರೆ ವರ್ಷಕ್ಕೆ ನೂರು ದಿನ ಕೂಲಿಗೆ ಹೋದವನೂ ದಾಟಿಬಿಡುವ ಮಿತಿ. 800 ರೂಪಾಯಿಗೆ ಇವತ್ತು ಏನು ಬರುತ್ತದೆ ಎಂದು ಕೇಳಬೇಡಿ, ಆದರೂ ಬಿಡಬೇಡಿ.

ಏಣಿಯದ್ದೇ ತಪ್ಪಾದರೆ

ಮೆಟ್ಟಿಲು ಕಳಚಿ ಬಿದ್ದರೆ, ಬೆಸುಗೆ ಬಿಟ್ಟರೆ, ಯಂತ್ರದ ಬ್ಲೇಡ್ ಹಾರಿದರೆ ದೂರು ತಯಾರಿಸಿದವರ ಮೇಲೂ ಮಾರಿದವರ ಮೇಲೂ ಹೋಗುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಉತ್ಪನ್ನ ಹೊಣೆಗಾರಿಕೆ ಎಂಬ ಪ್ರತ್ಯೇಕ ಅಧ್ಯಾಯವೇ ಇದೆ. ಮುರಿದ ಏಣಿಯನ್ನು ಗುಜರಿಗೆ ಹಾಕಬೇಡಿ, ರಿಪೇರಿ ಮಾಡಿಸಬೇಡಿ. ಫೋಟೋ ತೆಗೆದು, ಬಿಲ್ಲಿನ ಜೊತೆ ಕಣದ ಶೆಡ್ಡಿನಲ್ಲಿ ಇಡಿ. ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ, ಅಲ್ಲಿ ಬಗೆಹರಿಯದಿದ್ದರೆ ಮಡಿಕೇರಿಯ ಜಿಲ್ಲಾ ಗ್ರಾಹಕ ಆಯೋಗ. ಕೊಂಡ ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ, ಎರಡು ವರ್ಷದ ಗಡುವಿದೆ, ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಹಾಕಬಹುದು. ‘ನೀವು ವ್ಯಾಪಾರಕ್ಕೆ ಕೊಂಡದ್ದು, ಗ್ರಾಹಕರಲ್ಲ’ ಎಂದು ಎದುರುದಾರರು ವಾದಿಸಿಯೇ ವಾದಿಸುತ್ತಾರೆ. ಜೀವನೋಪಾಯದ ಸ್ವಂತ ದುಡಿಮೆಗೆ ಕೊಂಡವರನ್ನು ಕಾಯ್ದೆ ಗ್ರಾಹಕರೆಂದೇ ಎಣಿಸುತ್ತದೆ. ಬಿಲ್ಲೇ ಇಲ್ಲದೆ ಕೊಂಡವರಿಗೆ ಮಾತ್ರ ನಾನು ಏನೂ ಹೇಳಲಾರೆ.

ಮುಂದಿನ ಏಣಿ ಕೊಳ್ಳುವಾಗ ಅಲ್ಯೂಮಿನಿಯಮ್ ಬೇಡ. ಹಗುರ ಎಂಬ ಒಂದೇ ಗುಣಕ್ಕೆ ಅದು ಎಲ್ಲ ತೋಟಗಳಲ್ಲೂ ಬಂದು ಕೂತಿದೆ, ತಂತಿಗೆ ತಾಗಿ ಜೀವ ತೆಗೆಯುವುದೂ ಅದೇ. ಫೈಬರ್ ಏಣಿ ಒಣಗಿದ್ದು ಶುಚಿಯಾಗಿದ್ದರೆ ಸುಲಭವಾಗಿ ಕರೆಂಟ್ ಹರಿಸುವುದಿಲ್ಲ, ಆದರೆ ಭಾರ ಜಾಸ್ತಿ, ಬೆಲೆಯೂ ಜಾಸ್ತಿ, ಹೊರುವವರು ಗೊಣಗುತ್ತಾರೆ. ಇರುವ ಅಲ್ಯೂಮಿನಿಯಮ್ ಏಣಿಯಲ್ಲೇ ಈ ವರ್ಷ ಕಳೆಯಬೇಕಾದರೆ, ಲೈನ್ ಹಾದುಹೋದ ಸಾಲಿನ ಮರಗಳಿಗೆ ಅದನ್ನು ತರಲೇಬೇಡಿ, ಆ ಸಾಲಿನ ಮೆಣಸನ್ನು ಸೆಸ್ಕ್‌ಗೆ ಹೇಳಿ ಲೈನ್ ಆಫ್ ಮಾಡಿಸಿದ ದಿನ ಕೊಯ್ಯಿರಿ. ಮರದಿಂದ ಮರಕ್ಕೆ ಏಣಿಯನ್ನು ನಿಲ್ಲಿಸಿಕೊಂಡು ಒಯ್ಯದೆ, ಮಲಗಿಸಿ ಇಬ್ಬರು ಹೊರಲಿ.