ಬೋಲ್ಟ್ ಲೊಡಲೊಡ ಅಂದ ಮಾತ್ರಕ್ಕೆ ಗುರಿ ಕೆಡುವುದಿಲ್ಲ

ಬೋಲ್ಟ್ ಆಕ್ಷನ್ ಅಂದರೆ ಹಿಡಿಯಿರುವ ಉಕ್ಕಿನ ದಂಡವನ್ನು (ಅದೇ ಬೋಲ್ಟ್) ಕೈಯಿಂದ ಹಿಂದೆ ಮುಂದೆ ಎಳೆದು ಬ್ಯಾರಲಿನ ಹಿಂಬದಿ ಮುಚ್ಚುವ ರೈಫಲ್. ಅಂಥದ್ದನ್ನು ನನ್ನ ಅಂಗಡಿಗೆ ತರುವವರ ದೂರು ಹೆಚ್ಚುಕಮ್ಮಿ ಒಂದೇ: “ಬೋಲ್ಟ್ ಲೊಡಲೊಡ ಅಂತೈತ್ರಿ, ಅದಕ್ಕೇ ಗುಂಡು ಚೆದುರ್ತಾವ. ಟೈಟ್ ಮಾಡಿಕೊಡ್ರಿ.” ಬೋಲ್ಟನ್ನು ಹಿಂದಕ್ಕೆ ಎಳೆದು ಅಲ್ಲಾಡಿಸಿಯೂ ತೋರಿಸುತ್ತಾರೆ. ನನ್ನ ತಕರಾರು ಅಲ್ಲೇ. ಹಿಂದಕ್ಕೆ ಎಳೆದ ಬೋಲ್ಟ್ ಅಲ್ಲಾಡಿದರೆ ಅಲ್ಲಾಡಲಿ. ಮೌಸರ್ ಎಂಬ ಹಳೇ ಜರ್ಮನ್ ಮಾದರಿಯಲ್ಲಿ ದೂಳು, ಮಣ್ಣು ಸೇರಿದರೂ ಸಿಕ್ಕಿಕೊಳ್ಳಬಾರದೆಂದೇ ಅಷ್ಟು ಸಡಿಲ ಬಿಟ್ಟಿರುತ್ತಾರೆ. ಗುಂಡು ಹಾರುವ ಹೊತ್ತಿಗೆ ಬೋಲ್ಟ್ ಮುಚ್ಚಿರುತ್ತದೆ. ಮುಚ್ಚಿದಾಗ ಅದು ಎಲ್ಲಿ ಕೂರುತ್ತದೆ, ಪ್ರತಿ ಸಲವೂ ಅಲ್ಲೇ ಕೂರುತ್ತದೆಯೇ ಎಂಬುದನ್ನು ನೋಡಬೇಕು.

ದಾವಣಗೆರೆಯಲ್ಲಿ ಲೈಸೆನ್ಸ್ ಪಡೆದು ಕೋವಿ ರಿಪೇರಿ ಮಾಡುತ್ತೇನೆ. ಅದಕ್ಕೂ ಮೊದಲು ಹರಿಹರದ ಮೈಸೂರು ಕಿರ್ಲೋಸ್ಕರ್‌ನಲ್ಲಿ ಫಿಟ್ಟರ್. ಲೇತ್ ಬೆಡ್‌ಗೆ ಬ್ಲೂ (ತಾಗಿದ ಕಡೆ ಒರಸಿಹೋಗುವ ನೀಲಿ ಬಣ್ಣ) ಹಚ್ಚಿ, ಸ್ಕ್ರೇಪರ್ ಹಿಡಿದು ತಗ್ಗು ದಿಣ್ಣೆ ಹುಡುಕುತ್ತಾ ಕಲಿತ ವಿದ್ಯೆ ಅದು. ಎರಡು ಲೋಹದ ಮುಖಗಳು ತಾಗುತ್ತವೆ ಎಂದು ಯಾರಾದರೂ ಬಾಯಲ್ಲಿ ಹೇಳಿದರೆ ಇವತ್ತಿಗೂ ನಾನು ನಂಬುವುದಿಲ್ಲ, ಬ್ಲೂ ಹಚ್ಚಿ ತೋರಿಸಿ ಅನ್ನುತ್ತೇನೆ. ದಿನನಿತ್ಯದ ಕೆಲಸವೆಲ್ಲ ಬೆಳೆ ರಕ್ಷಣೆಯ ಕೋವಿಗಳದ್ದು, ಅದರಲ್ಲೂ ಚುನಾವಣೆಗೆಂದು ಠಾಣೆಯಲ್ಲಿಟ್ಟು ಬಿಡಿಸಿಕೊಂಡು ಬಂದ ಮೇಲೆ ತುಕ್ಕು ತೆಗೆಸುವವರದ್ದು. ಗುರಿಯ ಲೆಕ್ಕ ಕೇಳುವ ರೈಫಲ್ ಅಪರೂಪಕ್ಕೆ ಬರುತ್ತದೆ, ಬಂದರೆ ಖುಷಿ.

ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರೊಬ್ಬರ ಮನೆಯ .30-06 ರೈಫಲ್ ಹಾಗೆ ಬಂದದ್ದು. ಮೌಸರ್ ಆಕ್ಷನ್ (ಬೋಲ್ಟ್ ಮತ್ತು ಅದು ಕೂರುವ ಉಕ್ಕಿನ ಬಾಡಿ), ತಾತನ ಕಾಲದ್ದು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಶಿಕಾರಿಯ ಮಾತಿಲ್ಲ, ಈಗ ರೇಂಜಿನಲ್ಲಿ ಕಾಗದಕ್ಕೆ ಹೊಡೆಯುವುದಷ್ಟೇ. 100 ಗಜಕ್ಕೆ ಗ್ರೂಪ್, ಅಂದರೆ ಗುಂಡಿನ ತೂತುಗಳ ಹರಡು, ಅಂಗೈಯಷ್ಟು, ಅದೂ ಅಗಲಕ್ಕಿಂತ ಉದ್ದಕ್ಕೇ (ಮೇಲೆ ಕೆಳಗೆ) ಜಾಸ್ತಿ.

ಬೋಲ್ಟ್ ಮುಟ್ಟುವ ಮೊದಲು ಸ್ಟಾಕಿನ (ಕೋವಿಯ ಮರದ ಭಾಗ) ಸ್ಕ್ರೂ ನೋಡುವುದು ನನ್ನ ಪದ್ಧತಿ. ಬ್ಯಾರಲ್‌ಗೆ ಡಯಲ್ ಗೇಜ್ ಕಟ್ಟಿ, ಅದರ ಮುಳ್ಳನ್ನು ಸ್ಟಾಕ್ ತುದಿಗೆ ತಾಗಿಸಿ, ಮುಂದಿನ ಸ್ಕ್ರೂ ಸಡಿಲಿಸಬೇಕು. ಮುಳ್ಳು 50 ಮೈಕ್ರಾನ್‌ಗಿಂತ ಹೆಚ್ಚು ಓಡಿದರೆ ಮರ ಆಕ್ಷನ್ನನ್ನು ಬಗ್ಗಿಸಿ ಹಿಡಿದಿದೆ ಎಂದರ್ಥ. ಅದನ್ನು ಸರಿಮಾಡದೆ ಬೋಲ್ಟಿಗೆ ಕೈ ಹಾಕುವುದು ದಂಡದ ಕೆಲಸ. ಇದರಲ್ಲಿ ಅದು ಚೆನ್ನಾಗಿತ್ತು. ಬ್ಯಾರಲ್ ತುದಿಯ ಅಂಚಿನಲ್ಲೂ ಪೆಟ್ಟು, ಮುಕ್ಕು ಇರಲಿಲ್ಲ.

ಆಮೇಲೆ ಲಗ್, ಅಂದರೆ ಮುಚ್ಚಿದ ಬೋಲ್ಟನ್ನು ಬೀಗ ಹಾಕಿದಂತೆ ಹಿಡಿಯುವ ಉಬ್ಬು. ಮೌಸರ್‌ನಲ್ಲಿ ಒತ್ತಡ ತಡೆಯುವ ಎರಡು ಲಗ್‌ಗಳು ಬೋಲ್ಟಿನ ಮುಂತುದಿಯಲ್ಲಿರುತ್ತವೆ. ಮುಚ್ಚಿದಾಗ ಒಂದು ಮೇಲೆ, ಒಂದು ಕೆಳಗೆ. ಹಿಂದಿನ ಮೂರನೆಯದು ಆಪತ್ತಿಗೆ ಮಾತ್ರ, ಮಾಮೂಲಿಗೆ ಅದು ತಾಗಲೇಬಾರದು. ಸ್ಟ್ರೈಕರ್ (ಕಾರ್ಟ್ರಿಜ್‌ಗೆ ಪೆಟ್ಟು ಕೊಡುವ ಕಡ್ಡಿ) ಮತ್ತು ಸ್ಪ್ರಿಂಗ್ ಬಿಚ್ಚಿಟ್ಟು, ಲಗ್‌ಗಳ ಹಿಂಮುಖಕ್ಕೆ ತೆಳ್ಳಗೆ ಬ್ಲೂ ಹಚ್ಚಿ, ಚೇಂಬರಿನಲ್ಲಿ (ಕಾರ್ಟ್ರಿಜ್ ಕೂರುವ ಜಾಗ) ಅದೇ ಅಳತೆಯ ಉಕ್ಕಿನ ಗೇಜ್ ಇಟ್ಟು ಮುಚ್ಚಿ ತೆಗೆದೆ. ಎರಡೂ ಲಗ್‌ಗಳಲ್ಲಿ ಬ್ಲೂ ಒರಸಿಹೋಗಿತ್ತು, ತಕ್ಕಮಟ್ಟಿಗೆ ಸಮವೇ. ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ನಾನು ಸ್ಟ್ರೈಕರ್ ಮತ್ತೆ ಜೋಡಿಸಿ, ಕಾಕ್ ಆದ, ಅಂದರೆ ಸ್ಪ್ರಿಂಗ್ ಬಿಗಿದು ಹೊಡೆಯಲು ಸಿದ್ಧವಾದ ಸ್ಥಿತಿಯಲ್ಲಿ ಅದೇ ಪರೀಕ್ಷೆ ಮಾಡಿದೆ. ಈ ಸಲ ಕೆಳಗಿನ ಲಗ್ ಮಾತ್ರ ಹೊಳೆಯುತ್ತಿತ್ತು. ಮೇಲಿನದರಲ್ಲಿ ಹಚ್ಚಿದ ಬ್ಲೂ ಹಚ್ಚಿದ ಹಾಗೇ ಇತ್ತು.

ಕಾರಣ ಇಷ್ಟೆ. ಕಾಕ್ ಆದಾಗ ಸಿಯರ್ (ಸ್ಟ್ರೈಕರನ್ನು ತಡೆದು ಹಿಡಿಯುವ ಕೊಕ್ಕೆ) ಬೋಲ್ಟಿನ ಬಾಲವನ್ನು ಮೇಲಕ್ಕೆ ಒತ್ತುತ್ತದೆ. ಹಿಂದೆ ಸಡಿಲವಿದ್ದರೆ ಬಾಲ ಏಳುತ್ತದೆ, ತಲೆ ತಗ್ಗುತ್ತದೆ, ಮೇಲಿನ ಲಗ್ ತನ್ನ ಕೂರುಮುಖ ಬಿಡುತ್ತದೆ. ಟ್ರಿಗರ್ ಎಳೆದು ಮದ್ದು ಹೊತ್ತಿಕೊಂಡ ಕ್ಷಣ ಒತ್ತಡ ಬೋಲ್ಟನ್ನು ಹಿಂದಕ್ಕೆ ಬಡಿದು ಸರಿ ಕೂರಿಸುತ್ತದೆ, ಆ ಬಡಿತಕ್ಕೆ ಇಡೀ ಆಕ್ಷನ್ ಬ್ಯಾರಲ್ ಸಮೇತ ಕುಲುಕುತ್ತದೆ. ಗುಂಡು ಇನ್ನೂ ಬ್ಯಾರಲ್ ಒಳಗೇ ಇರುತ್ತದೆ. ಕುಲುಕು ಪ್ರತಿ ಸಲ ಒಂದೇ ಅಳತೆಯಲ್ಲಿ ಇದ್ದಿದ್ದರೆ ಚಿಂತೆಯಿರಲಿಲ್ಲ. ಆದರೆ ಹಾಗಿರುವುದಿಲ್ಲ, ಅದಕ್ಕೇ ಗ್ರೂಪ್ ಉದ್ದಕ್ಕೆ ಎಳೆದುಕೊಳ್ಳುತ್ತದೆ. ಅಂದರೆ ಗಿರಾಕಿಯ ಅನುಮಾನ ಪೂರ್ತಿ ಸುಳ್ಳಲ್ಲ. ಅವರು ಬೋಲ್ಟ್ ತೆರೆದಾಗಿನ ಲೊಡಲೊಡ ತೋರಿಸುತ್ತಿದ್ದರು, ಕೆಲಸ ಕೆಡಿಸುತ್ತಿದ್ದದ್ದು ಮುಚ್ಚಿದಾಗ ಹಿಂಭಾಗದಲ್ಲಿ ಉಳಿಯುತ್ತಿದ್ದ ಆ ಒಂದಿಷ್ಟು ಜಾಗ.

ಬೋಲ್ಟಿನ ಹಿಂಭಾಗಕ್ಕೆ ತೆಳು ಉಕ್ಕಿನ ಉಂಗುರ ಕೂರಿಸಿ ಆ ಜಾಗ ತುಂಬಿದೆ. ಪೇಸ್ಟ್ ಹಾಕಿ ಲಗ್ ಉಜ್ಜುವುದು ಇದಕ್ಕಿಂತ ಸುಲಭದ ದಾರಿ, ಆದರೆ ನನಗೆ ಅದರ ಮೇಲೆ ಪ್ರೀತಿಯಿಲ್ಲ. ಲಗ್‌ನಿಂದ 10 ಮೈಕ್ರಾನ್ ಹೋದರೆ ಹೆಡ್‌ಸ್ಪೇಸ್‌ಗೆ (ಮುಚ್ಚಿದ ಬೋಲ್ಟಿನ ಮುಂದೆ ಕಾರ್ಟ್ರಿಜ್‌ಗೆ ಸಿಗುವ ಜಾಗ) ಅಷ್ಟೇ ಸೇರಿಕೊಳ್ಳುತ್ತದೆ. ಹಳೇ ಮೌಸರ್ ಉಕ್ಕಿಗೆ ಗಟ್ಟಿ ಇರುವುದು ಮೇಲ್ಪದರ ಮಾತ್ರ. ಅದು ಸವೆದರೆ ಒಳಗಿನ ಮೆತ್ತನೆ ಉಕ್ಕಿನಲ್ಲಿ ಲಗ್ ಹುದುಗುತ್ತಾ ಹೋಗುತ್ತದೆ. ಆಮೇಲೆ ಗುರಿಯ ಮಾತು ಬಿಡಿ, ಹೊಡೆಯುವವರ ಕಣ್ಣಿಗೇ ಅಪಾಯ.

ಬ್ಯಾರಲ್ ಜೋಡಣೆಯ ಬಗ್ಗೆಯೂ ಇಂಥದೇ ತಪ್ಪು ತಿಳಿವಳಿಕೆ ಇದೆ. ಥ್ರೆಡ್ ಬಿಗಿಯಾದಷ್ಟೂ ಒಳ್ಳೆಯದು ಅನ್ನುತ್ತಾರೆ. ಮೌಸರ್ 98ರ ಥ್ರೆಡ್ 55 ಡಿಗ್ರಿಯದು, ಇಂಚಿಗೆ 12 ಸುತ್ತು. ಅದು ಕೈಯಲ್ಲೇ ಸಲೀಸಾಗಿ ಓಡಬೇಕು. ನಿಜವಾದ ಹಿಡಿತ ಕೊಡುವುದು ಬ್ಯಾರಲಿನ ಹಿಂಮುಖ, ರಿಸೀವರ್ (ಆಕ್ಷನ್ನಿನ ಬಾಡಿ) ಒಳಗಿನ ಕಾಲರ್‌ಗೆ ಹೋಗಿ ಒತ್ತುವ ಜಾಗ. ಆ ಮುಖ ಥ್ರೆಡ್ಡಿಗೆ ಸರಿಯಾಗಿ ಲಂಬವಾಗಿಲ್ಲದೆ ಒಂದು ಕಡೆ ಮಾತ್ರ ತಾಗಿದರೆ, ಬ್ಯಾರಲ್ ಕಾದಂತೆ ಗುಂಡು ಒಂದೇ ದಿಕ್ಕಿಗೆ ಜರುಗುತ್ತಾ ಹೋಗುತ್ತದೆ. ತಣ್ಣಗಿದ್ದಾಗಿನ ಗ್ರೂಪ್ ಬೇರೆ, ಬಿಸಿಯಾದ ಮೇಲಿನದು ಬೇರೆ ಎಂದು ಯಾರಾದರೂ ಹೇಳಿದರೆ ನಾನು ಮೊದಲು ನೋಡುವ ಜಾಗಗಳಲ್ಲಿ ಇದೊಂದು.

.22 ಸ್ಪರ್ಧಾ ರೈಫಲ್‌ನ ದಾರಿಯೇ ಬೇರೆ. ಅಲ್ಲಿ ಒತ್ತಡ ಕಡಿಮೆ, ಲಗ್ ತಾಗುವಿಕೆಗೆ ಅಷ್ಟು ತಲೆಬಿಸಿ ಬೇಡ. ಕಿಡಿ ಹೊತ್ತಿಸುವ ಮದ್ದು ಕಾರ್ಟ್ರಿಜ್‌ನ ಅಂಚಿನೊಳಗೆ ಇರುತ್ತದೆ, ಪಿನ್ ಆ ಅಂಚನ್ನು ಬ್ಯಾರಲ್ ಮುಖಕ್ಕೆ ಜಜ್ಜಬೇಕು. ಅಂಚಿಗೆ ಬಿಟ್ಟ ಜಾಗ 1.09 ಮಿ.ಮೀ. ಆಸುಪಾಸು ಇದ್ದರೆ ಸರಿ, 1.17 ದಾಟಿದರೆ ಪಿನ್ನಿನ ಪೆಟ್ಟಿನ ಒಂದು ಪಾಲು ಕಾರ್ಟ್ರಿಜ್ ಮುಂದೆ ತಳ್ಳುವುದಕ್ಕೇ ಖರ್ಚು. ಮದ್ದು ಒಮ್ಮೆ ಒಂದು ಥರ ಹೊತ್ತುತ್ತದೆ, ವೇಗ ಏರುಪೇರಾಗುತ್ತದೆ. ಸೆಕೆಂಡಿಗೆ 10 ಮೀಟರ್ ವ್ಯತ್ಯಾಸಕ್ಕೆ 50 ಮೀಟರಿನಲ್ಲಿ ಸುಮಾರು 8 ಮಿ.ಮೀ. ಮೇಲೆ ಕೆಳಗೆ. ಹತ್ತರ ಉಂಗುರದ ಅಗಲವೇ 10.4 ಮಿ.ಮೀ. ಅಂದಮೇಲೆ ಹುಡುಗರು ಉಸಿರು ಬಿಗಿಹಿಡಿದು ಪ್ರಯೋಜನವೇನು? ಎನ್‌ಸಿಸಿಯಲ್ಲಿ ಕಲಿತು ಬಂದವರಿಗೆ ನಾನು ಹೇಳುವುದು, ಮೊದಲು ಗೇಜ್ ಹಾಕಿಸಿ, ಆಮೇಲೆ ದುಬಾರಿ ಕಾರ್ಟ್ರಿಜ್ ಕೊಳ್ಳಿ.

ಇನ್ನು ಇಛಾಪುರದ ಸರಕಾರಿ ಕಾರ್ಖಾನೆಯ .315 ರೈಫಲ್. ಲೀ-ಎನ್‌ಫೀಲ್ಡ್ ಎಂಬ ಹಳೇ ಬ್ರಿಟಿಷ್ ಸೇನಾ ರೈಫಲಿನ ವಂಶದ್ದು, ಲಗ್‌ಗಳು ಹಿಂದೆ. ಹಾಗಾಗಿ ಹೊಡೆದಾಗ ಬೋಲ್ಟಿನ ಇಡೀ ಉದ್ದ ಒತ್ತಡಕ್ಕೆ ಸಿಗುತ್ತದೆ. ಬಲಗಡೆಯ ಉದ್ದ ಪಟ್ಟಿ, ಎಡಗಡೆಯ ಸಣ್ಣ ಲಗ್ ಎರಡೂ ತಾಗದಿದ್ದರೆ ಬೋಲ್ಟ್ ಪಕ್ಕಕ್ಕೆ ಬಾಗುತ್ತದೆ. ಜಗಳೂರು ಕಡೆಯ ಅಣ್ಣತಮ್ಮಂದಿರು ಇಂಥವೆರಡನ್ನು ಒಟ್ಟಿಗೆ ತಂದಿದ್ದರು, ಎರಡರ ಗುರಿಯೂ ಒಮ್ಮೆಗೇ ಕೆಟ್ಟಿದೆ ಎಂದು. ಬ್ಲೂ ಡಬ್ಬಿ ತೆಗೆಯುವ ಮೊದಲೇ ನಂಬರ್ ಓದಿದೆ. ಮನೆಯಲ್ಲಿ ಎರಡನ್ನೂ ಬಿಚ್ಚಿ ಒರೆಸಿ ಜೋಡಿಸುವಾಗ ಇದರ ಬೋಲ್ಟ್ ಅದಕ್ಕೆ, ಅದರದ್ದು ಇದಕ್ಕೆ ಹೋಗಿತ್ತು. ಕಾರ್ಖಾನೆಯಲ್ಲಿ ಒಂದೊಂದು ಬೋಲ್ಟನ್ನೂ ಅದರದೇ ಬಾಡಿಗೆ ಕೂರಿಸಿ ನಂಬರ್ ಹೊಡೆದಿರುತ್ತಾರೆ. ಅದಲುಬದಲು ಮಾಡಿ ಗೇಜ್ ಹಾಕಿ ನೋಡಿದೆ, ಎರಡೂ ಸರಿ. “ಎಷ್ಟಾತ್ರಿ?” ಅಂದರು. ಗೇಜ್ ಹಾಕಿದ್ದಕ್ಕೆ ಮಾತ್ರ ತೆಗೆದುಕೊಂಡೆ.