ಡಿಕ್ಕಿಯಲ್ಲಿ ನಿಂತ ನೀರು: ಹಳೇ ಎಕ್ಸ್5 ಸರಿ ಮಾಡಿದ ನನ್ನ ಅನುಭವ

ಸನ್‌ರೂಫ್ ಇರೋ ಕಾರಿನ ಒಳಗೆ ನೀರು ಬರ್ತಿದೆ ಅಂದ ತಕ್ಷಣ ಹತ್ತರಲ್ಲಿ ಒಂಬತ್ತು ಜನ ಹೇಳೋದು ಒಂದೇ ಮಾತು, ಗಾಜಿನ ಸುತ್ತ ಸಿಲಿಕಾನ್ ಹೊಡೆಸಿಬಿಡಿ ಅಂತ. ದಯವಿಟ್ಟು ಹೊಡೆಸ್ಬೇಡಿ. ಯಾಕೆ ಅನ್ನೋದನ್ನ ಸ್ವಲ್ಪ ಉದ್ದಕ್ಕೇ ಬರೀತೀನಿ, ಯಾಕಂದ್ರೆ ನಮ್ಮ ಮಲೆನಾಡಿನ ಕಡೆ ಈಗ ಹಳೇ ದೊಡ್ಡ ಗಾಡಿ ತಗೊಳ್ಳೋರು ಜಾಸ್ತಿ ಆಗ್ತಿದಾರೆ, ಮೊದಲ ಮಳೆಗಾಲಕ್ಕೇ ಬೇಜಾರಾಗಿ ಬಂದ ರೇಟಿಗೆ ಮಾರೋರೂ ಇದಾರೆ.

ನನ್ನದು ಬಿಎಂಡಬ್ಲ್ಯೂ ಎಕ್ಸ್5, ಇ70 ಅಂತಾರಲ್ಲ ಆ ಬಾಡಿ, 2009ರ ಮಾಡೆಲ್, 3 ಲೀಟರ್ ಆರು ಸಿಲಿಂಡರ್ ಡೀಸೆಲ್. ದೆಹಲಿ ಗಾಡಿ. ಅಲ್ಲಿ ಎನ್‌ಸಿಆರ್ (ದೆಹಲಿ ಮತ್ತೆ ಅದರ ಸುತ್ತಲಿನ ಪ್ರದೇಶ) ಒಳಗೆ 10 ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸೋ ಹಾಗಿಲ್ಲ ಅಂತ 2015ರಲ್ಲಿ ಎನ್‌ಜಿಟಿ (ರಾಷ್ಟ್ರೀಯ ಹಸಿರು ನ್ಯಾಯಮಂಡಳಿ) ಆದೇಶ ಮಾಡ್ತು, 2018ರಲ್ಲಿ ಸುಪ್ರೀಂ ಕೋರ್ಟೂ ಎತ್ತಿ ಹಿಡೀತು, ಆಮೇಲಿಂದ ಒಳ್ಳೊಳ್ಳೆ ಡೀಸೆಲ್ ಗಾಡಿಗಳೆಲ್ಲ ಎನ್‌ಓಸಿ (ಬೇರೆ ರಾಜ್ಯಕ್ಕೆ ಒಯ್ಯೋಕೆ ಆರ್‌ಟಿಓ ಕೊಡೋ ಪತ್ರ) ತಗೊಂಡು ದಕ್ಷಿಣಕ್ಕೆ ಬರೋಕೆ ಶುರುವಾಯ್ತು. ರೇಟು ಕಮ್ಮಿ ಕಾಣುತ್ತೆ, ಆದ್ರೆ ಕರ್ನಾಟಕದ ಲೈಫ್ ಟ್ಯಾಕ್ಸ್ ಸೇರಿಸಿ ಲೆಕ್ಕ ಹಾಕಿ, 20 ಲಕ್ಷದ ಮೇಲಿನ ಕಾರಿಗೆ 18 ಪರ್ಸೆಂಟು, ಗಾಡಿ ಹಳೇದಾದಷ್ಟೂ ಕಮ್ಮಿ ಆಗುತ್ತೆ ನಿಜ, ಆದ್ರೂ ಕೈಗೆ ತಟ್ಟುವಷ್ಟು ಬರುತ್ತೆ.

ಇಂಜಿನ್ನು ಗೇರ್‌ಬಾಕ್ಸಿನ ಕಥೆ ಬೇಗ ಮುಗಿಸ್ತೀನಿ. ಗೇರ್‌ಬಾಕ್ಸು ಜೆಡ್‌ಎಫ್ ಅನ್ನೋ ಕಂಪನಿಯ ಆರು ಸ್ಪೀಡು ಆಟೋಮ್ಯಾಟಿಕ್ಕು, ಆಯಿಲ್ ಯಾವತ್ತೂ ಬದಲಿಸಿರಲಿಲ್ಲ. ಜೆಡ್‌ಎಫ್‌ನವರು 80 ಸಾವಿರದಿಂದ 1 ಲಕ್ಷ 20 ಸಾವಿರ ಕಿಲೋಮೀಟರ್ ಒಳಗೆ ಇಲ್ಲಾಂದ್ರೆ 8 ವರ್ಷಕ್ಕೆ ಬದಲಿಸಿ ಅಂತಾರೆ. ಇದರಲ್ಲಿ ಫಿಲ್ಟರ್ರು ಪ್ಲಾಸ್ಟಿಕ್ ಆಯಿಲ್ ಪ್ಯಾನ್ ಜೊತೆಗೇ ಸೇರಿರುತ್ತೆ, ಹಾಗಾಗಿ ಪ್ಯಾನೇ ಹೊಸದು ಹಾಕಬೇಕು, ಲೆವೆಲ್ ನೋಡೋದು ಇಂಜಿನ್ ಓಡ್ತಾ ಇರುವಾಗ, ಆಯಿಲ್ 30ರಿಂದ 50 ಡಿಗ್ರಿ ಒಳಗೆ ಇದ್ದಾಗ ಮಾತ್ರ. ಇದನ್ನ ಸ್ಕ್ಯಾನರ್ (ಗಾಡಿಯ ಕಂಪ್ಯೂಟರಿಗೆ ಜೋಡಿಸಿ ಓದೋ ಮಷೀನು) ಇಲ್ಲದೆ ಅಂದಾಜಲ್ಲಿ ಮಾಡೋ ಕಡೆ ಕೊಡ್ಬೇಡಿ. ಇಂಜಿನ್ ಬಿಸಿ ಹತೋಟಿಯಲ್ಲಿಡೋ ಥರ್ಮೋಸ್ಟಾಟ್ ವಾಲ್ವು ತೆರೆದೇ ಸಿಕ್ಕಾಕೊಂಡಿತ್ತು, ಇಂಜಿನ್ ಬಿಸಿಯೇ ಆಗ್ತಿರಲಿಲ್ಲ, ಹೊಸದು ಹಾಕಿದ ಮೇಲೆ ಮೈಲೇಜು ಸರಿಹೋಯ್ತು. ಮುಂದಿನ ಕಂಟ್ರೋಲ್ ಆರ್ಮ್ ಬುಷ್ಷು, ಬ್ರೇಕ್ ಪ್ಯಾಡು, ಬೆಲ್ಟು. ಇದೆಲ್ಲ ದುಡ್ಡು ಕೊಟ್ರೆ ಆಗೋ ಕೆಲಸ. ನೀರು ಮಾತ್ರ ಹಾಗಲ್ಲ, ಅದಕ್ಕೆ ತಾಳ್ಮೆಯೇ ಬೇಕು.

ನಮ್ಮೂರು ತೀರ್ಥಹಳ್ಳಿ ಕಡೆ. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಮೇಲೆ ಮಳೆ, ನಮ್ಮಲ್ಲಿ ಅಷ್ಟಿಲ್ಲದಿದ್ರೂ ಜೂನ್ ಹಿಡೀತು ಅಂದ್ರೆ ಗಾಡಿ ಒಣಗೋ ಮಾತೇ ಇಲ್ಲ. ಮೊದಲು ಗೊತ್ತಾಗಿದ್ದು ವಾಸನೆ, ಡೋರ್ ತೆಗೆದ ಕೂಡಲೇ ಮುಗ್ಗಲು ವಾಸನೆ. ಆಮೇಲೆ ಎಸಿ ಹಾಕಿದ್ರೂ ಒಳಗಿನ ಗಾಜಿಗೆ ಮಂಜು ಕಟ್ಟೋದು. ಅದಾದ ಮೇಲೆ ಒಂದಿನ ಇದ್ದಕ್ಕಿದ್ದಂತೆ ಮ್ಯೂಸಿಕ್ಕು, ನ್ಯಾವಿಗೇಷನ್ನು, ಬ್ಲೂಟೂತು ಎಲ್ಲ ಒಟ್ಟಿಗೇ ಸತ್ತುಹೋಯ್ತು, ರಾತ್ರಿ ನಿಲ್ಸಿದ ಗಾಡಿ ಬೆಳಿಗ್ಗೆ ಸ್ಟಾರ್ಟ್ ಆಗಲ್ಲ. ಡಿಕ್ಕಿ ಫ್ಲೋರ್ ಎತ್ತಿ ನೋಡಿದ್ರೆ ಕೆಳಗಿನ ಗುಂಡಿಯಲ್ಲಿ ಬ್ಯಾಟರಿ ಬುಡ ಮುಳುಗೋ ಅಷ್ಟು ಕಂದು ನೀರು.

ಈ ಗಾಡಿಯಲ್ಲಿ ಬ್ಯಾಟರಿ ಇರೋದು ಬಾನೆಟ್ ಕೆಳಗಲ್ಲ, ಡಿಕ್ಕಿಯಲ್ಲಿ. ಆಂಪ್ಲಿಫೈಯರ್ರು ಮತ್ತೆ ಇನ್ನೊಂದಿಷ್ಟು ಎಲೆಕ್ಟ್ರಾನಿಕ್ ಡಬ್ಬಗಳೂ ಡಿಕ್ಕಿ ಪಕ್ಕದ ಪ್ಯಾನೆಲ್ ಹಿಂದೆಯೇ ಕೂತಿರ್ತವೆ. ಆಡಿಯೋಗೆ ಸಂಬಂಧಪಟ್ಟಿದ್ದೆಲ್ಲ ಫೈಬರ್ ಆಪ್ಟಿಕ್ ಕೇಬಲ್ಲಲ್ಲಿ ಸುತ್ತು ಹಾಕಿದ ಹಾಗೆ ಒಂದಕ್ಕೊಂದು ಜೋಡಿಸಿರ್ತಾರೆ, ಬೆಳಕು ಒಂದರಿಂದ ಒಂದಕ್ಕೆ ದಾಟಿ ವಾಪಸ್ ಬರಬೇಕು, ನಡುವೆ ಒಂದು ಡಬ್ಬ ನೀರು ಕುಡಿದು ಸತ್ರೆ ಇಡೀ ಸುತ್ತೇ ಬಂದ್. ಹೆಡ್ ಯೂನಿಟ್ (ಮುಂದಿನ ಸ್ಕ್ರೀನಿನ ಮುಖ್ಯ ಡಬ್ಬ) ಹೋಗಿದೆ, ಹೊಸದು ಹಾಕಿ ಅಂತ ಒಂದು ಕಡೆ ಎಸ್ಟಿಮೇಟ್ ಕೊಟ್ಟಿದ್ರು. ನಾನು ಹಾಕಿಸಲಿಲ್ಲ. ಫೈಬರ್ ಲೂಪ್ ಕನೆಕ್ಟರ್ ಅಂತ ಒಂದು ಸಣ್ಣ ಪ್ಲಾಸ್ಟಿಕ್ ತುಂಡು ಸಿಗುತ್ತೆ, ಒಂದೊಂದೇ ಡಬ್ಬದ ಕೇಬಲ್ ಕಿತ್ತು ಆ ಜಾಗಕ್ಕೆ ಇದನ್ನ ಸಿಕ್ಕಿಸ್ತಾ ಹೋದೆ, ಆಂಪ್ಲಿಫೈಯರ್ ಬಿಟ್ಟು ಲೂಪ್ ಮಾಡಿದ ತಕ್ಷಣ ಸ್ಕ್ರೀನ್ ಜೀವ ಬಂತು. ಅಂದ್ರೆ ಹೋಗಿರೋದು ಅದೊಂದೇ. ಬ್ಯಾಟರಿ ಇಳಿಯೋಕೂ ಇದೇ ಮೂಲ, ಲಾಕ್ ಮಾಡಿ ಬಿಟ್ಟ ಮೇಲೆ ಗಾಡಿ ಪೂರ್ತಿ ನಿದ್ದೆಗೆ ಹೋಗಬೇಕು, ಆಗ ಎಳೆಯೋ ಕರೆಂಟು 50 ಮಿಲಿ ಆಂಪ್ ಒಳಗೆ ಇರಬೇಕು, ನೆಂದ ಡಬ್ಬ ನಿದ್ದೆಗೆ ಹೋಗಲ್ಲ, ಬೇರೆಯವಕ್ಕೂ ಬಿಡಲ್ಲ.

ಆದ್ರೆ ನೀರು ನಿಲ್ಲಿಸದೆ ಹೊಸ ಆಂಪ್ಲಿಫೈಯರ್ ತಂದು ಏನು ಮಾಡ್ತೀರಾ? ಹಾಗಾಗಿ ಅದನ್ನ ಲೂಪಲ್ಲೇ ಬಿಟ್ಟು ಸೋರಿಕೆ ಹುಡುಕೋಕೆ ಕೂತೆ.

ಇಲ್ಲಿ ಒಂದು ವಿಷಯ ತಲೆಯಲ್ಲಿ ಇಟ್ಕೊಳ್ಳಿ. ನೀರು ಸಿಗೋ ಜಾಗ ಬೇರೆ, ಬರೋ ಜಾಗ ಬೇರೆ. ಕಾರ್ಪೆಟ್ ಕೆಳಗೆ ದಪ್ಪ ಫೋಮ್ ಇರುತ್ತೆ, ಅದು ಲೀಟರ್‌ಗಟ್ಟಲೆ ನೀರು ಹಿಡ್ಕೊಳ್ಳುತ್ತೆ, ಮೇಲೆ ಮುಟ್ಟಿದ್ರೆ ಒಣಗಿದ ಹಾಗೇ ಇರುತ್ತೆ. ಗಾಡಿ ಇಳಿಜಾರಲ್ಲಿ ನಿಂತಿದ್ರೆ ಹಿಂದೆ ಬಂದ ನೀರು ಮುಂದೆ ಸಿಗುತ್ತೆ. ಅದಕ್ಕೇ ಮೊದಲು ಎಲ್ಲ ಬಿಚ್ಚಿ ಒಣಗಿಸಬೇಕು. ಬ್ಯಾಟರಿ ಕನೆಕ್ಷನ್ ತೆಗೆದು ಸ್ವಲ್ಪ ಹೊತ್ತು ಬಿಟ್ಟು ಆಮೇಲೆ ಸೀಟ್ ಕೆಳಗಿನ ಹಳದಿ ಕನೆಕ್ಟರ್ ಮುಟ್ಟಿ, ಅದು ಏರ್‌ಬ್ಯಾಗಿಂದು. ಸೀಟು, ಡಿಕ್ಕಿ ಪ್ಯಾನೆಲ್ಲು, ಕಾರ್ಪೆಟ್ಟು ಎಲ್ಲ ಹೊರಗೆ. ಮಳೆಗಾಲದಲ್ಲಿ ಕಾರ್ಪೆಟ್ ಎಲ್ಲಿ ಒಣಗಿಸ್ತೀರಾ ಅಂತ ಕೇಳಬಹುದು, ಅಡಿಕೆ ಒಣಗಿಸೋ ಪ್ಲಾಸ್ಟಿಕ್ ಟೆಂಟು ಆ ಟೈಮಲ್ಲಿ ಖಾಲಿ ಇರುತ್ತಲ್ಲ, ಅದರಲ್ಲೇ ಹಾಕಿ ಫ್ಯಾನ್ ಬಿಟ್ಟೆ.

ಬರಿ ಲೋಹ ಕಾಣೋ ಹಾಗಾದ ಮೇಲೆ ಸಂಶಯ ಇರೋ ಜಾಗಕ್ಕೆಲ್ಲ ಹಳೇ ಪೇಪರ್ ಪಟ್ಟಿ ಅಂಟಿಸಿದೆ, ಟೈಲ್ ಲ್ಯಾಂಪ್ ಹಿಂದೆ, ಡಿಕ್ಕಿ ಬಾಗಿಲ ಸುತ್ತಿನ ರಬ್ಬರ್ ಬೀಡಿಂಗ್ ಉದ್ದಕ್ಕೂ, ಹಿಂದಿನ ಕಂಬದ ಕೆಳಗೆ, ಬಂಪರ್ ಹಿಂದಿನ ಗಾಳಿ ಕಿಂಡಿ ಹತ್ರ. ನ್ಯೂಸ್‌ಪೇಪರ್ ಮೇಲೆ ಒಂದು ಹನಿ ಬಿದ್ರೂ ಕಲೆ ಉಳಿಯುತ್ತೆ, ಹರಿದ ದಾರಿಯೂ ಕಾಣುತ್ತೆ. ತಮ್ಮನ್ನ ಟಾರ್ಚ್ ಕೊಟ್ಟು ಡಿಕ್ಕಿ ಒಳಗೆ ಕೂರಿಸಿ ನಾನು ಹೊರಗಿಂದ ತೋಟದ ಪೈಪಲ್ಲಿ ನೀರು ಬಿಡ್ತಾ ಹೋದೆ. ಪ್ರೆಶರ್ ವಾಷರ್ ಬೇಡವೇ ಬೇಡ, ಅದು ಮಳೆ ಹೋಗದ ಜಾಗಕ್ಕೂ ನೀರು ನುಗ್ಗಿಸಿ ದಾರಿ ತಪ್ಪಿಸುತ್ತೆ. ಕೆಳಗಿಂದ ಮೇಲಕ್ಕೆ ಬನ್ನಿ, ಒಂದು ಸಲಕ್ಕೆ ಒಂದೇ ಜಾಗ. ಮೇಲಿಂದ ಶುರು ಮಾಡಿದ್ರೆ ನೀರು ಇಳೀತಾ ಎಲ್ಲಾ ಜಾಗವನ್ನೂ ನೆನೆಸುತ್ತೆ, ಯಾವುದು ತಪ್ಪಿತಸ್ಥ ಅಂತ ಗೊತ್ತೇ ಆಗಲ್ಲ. ಬಂಪರ್ ಆಯ್ತು, ಟೈಲ್ ಲ್ಯಾಂಪ್ ಆಯ್ತು, ಡಿಕ್ಕಿ ಬೀಡಿಂಗು, ಹಿಂದಿನ ವೈಪರ್ ಬುಡ, ಮೇಲಿನ ಬ್ರೇಕ್ ಲೈಟು, ರೂಫ್ ರೈಲು, ಎಲ್ಲ ಒಣ.

ಉಳಿದಿದ್ದು ಸನ್‌ರೂಫು. ಇದರದ್ದು ಉದ್ದನೆ ಪನೋರಮಿಕ್ ಸನ್‌ರೂಫ್. ಬಹಳ ಜನಕ್ಕೆ ಗೊತ್ತಿಲ್ಲದ್ದು ಏನಂದ್ರೆ ಸನ್‌ರೂಫಿನ ರಬ್ಬರ್ರು ನೀರನ್ನ ಪೂರ್ತಿ ತಡೆಯೋಕೆ ಅಂತ ಮಾಡಿದ್ದೇ ಅಲ್ಲ. ಸ್ವಲ್ಪ ನೀರು ಒಳಗೆ ಇಳಿಯುತ್ತೆ ಅಂತ ಗೊತ್ತಿದ್ದೇ ಗಾಜಿನ ಕೆಳಗೆ ಸುತ್ತ ಒಂದು ಚರಂಡಿ ಥರ ಟ್ರೇ ಇಟ್ಟಿರ್ತಾರೆ, ಅದರ ನಾಲ್ಕು ಮೂಲೆಯಿಂದ ನಾಲ್ಕು ಸಣ್ಣ ಪೈಪು, ಮುಂದಿನ ಎರಡು ವಿಂಡ್‌ಶೀಲ್ಡ್ ಪಕ್ಕದ ಕಂಬದ ಒಳಗೆ, ಹಿಂದಿನ ಎರಡು ಡಿಕ್ಕಿ ಪಕ್ಕದ ಕಂಬದ ಒಳಗೆ ಇಳಿದು ಗಾಡಿ ಹೊರಗೆ ಹೋಗ್ತವೆ. ಅಂದ್ರೆ ಸಿಲಿಕಾನ್ ಹೊಡೆದ್ರೆ ನೀವು ಮುಚ್ಚೋದು ತೊಂದರೆ ಇರೋ ಜಾಗವನ್ನಲ್ಲ, ಸಾಲದ್ದಕ್ಕೆ ಆ ಗಾಜು ಮತ್ತೆ ಎತ್ತೋಕೂ ಆಗಲ್ಲ.

ಸನ್‌ರೂಫ್ ತೆಗೆದು ಒಂದೊಂದು ಮೂಲೆಗೆ ಒಂದೊಂದು ಲೋಟ ನೀರು ನಿಧಾನಕ್ಕೆ ಹಾಕಿದೆ. ಮುಂದಿನ ಎರಡೂ ಕಡೆ ಹಾಕಿದ ಹಾಗೇ ಕೆಳಗೆ ನೆಲಕ್ಕೆ ಸುರೀತು. ಹಿಂದೆ ಬಲಗಡೆ ನಿಧಾನ. ಹಿಂದೆ ಎಡಗಡೆ ನೀರು ಮೂಲೆಯಲ್ಲೇ ನಿಂತು ಒಂದು ಗುಳ್ಳೆ ಬಿಟ್ಟು ಸಟಕ್ಕನೆ ಇಳೀತು, ಆದ್ರೆ ನೆಲಕ್ಕೆ ಒಂದು ಹನಿ ಬೀಳಲಿಲ್ಲ. ಒಳಗಿಂದ ತಮ್ಮ ಕೂಗಿದ, "ಅಣ್ಣಾ ಬಂತು, ಕಂಬದ ಒಳಗಿಂದ ಬರ್ತಾ ಇದೆ, ಪೈಪಿನ ಹೊರಗಡೆ!" ಅಂತ.

ಕಂಬದ ಟ್ರಿಮ್ ತೆಗೆದು ರೂಫ್ ಲೈನಿಂಗ್ ಮೂಲೆ ಸ್ವಲ್ಪ ಇಳಿಸಿದಾಗ ಎಲ್ಲ ಅರ್ಥ ಆಯ್ತು. ಪೈಪಿನ ಕೆಳ ತುದಿಯಲ್ಲಿ ರಬ್ಬರ್ ಮೂತಿ ಇರುತ್ತೆ, ಹೊರಗಿನ ಧೂಳು ಹುಳ ಮೇಲೆ ಬರಬಾರದು ಅಂತ. ಅದರ ಒಳಗೆ ದೆಹಲಿಯ ನುಣ್ಣನೆ ಬೂದುಬಣ್ಣದ ಧೂಳು ಮಣ್ಣಾಗಿ ಗಟ್ಟಿ ಕೂತಿತ್ತು, ಅದರ ಮೇಲೆ ನಮ್ಮೂರಿನ ಎಲೆ ಚೂರು. ಅಲ್ಲಿ ಹತ್ತು ವರ್ಷ ಬಿದ್ದ ಮಳೆಗೆ ಅದು ಹೇಗೋ ನಡೀತು, ಇಲ್ಲಿ ಒಂದೇ ರಾತ್ರಿಯ ಜಡಿಮಳೆಗೆ ಪೈಪ್ ತುಂಬಿ, ಹಳೇದಾಗಿ ಬಿರುಸಾಗಿದ್ದ ಜಾಯಿಂಟು ಮೇಲುಗಡೆ ಕಳಚಿಕೊಂಡಿದೆ. ಅಲ್ಲಿಂದ ಇಳಿದ ನೀರೆಲ್ಲ ನೇರ ಆಂಪ್ಲಿಫೈಯರ್ ಮೇಲೆ, ಅಲ್ಲಿಂದ ಬ್ಯಾಟರಿ ಗುಂಡಿಗೆ.

ಬ್ಲಾಕ್ ತೆಗೆಯೋಕೆ ಕಂಪ್ರೆಸರ್ ಗಾಳಿ ಹೊಡೀಬೇಡಿ, ಪಂಚರ್ ಅಂಗಡಿಯಲ್ಲಿ ಸುಲಭಕ್ಕೆ ಸಿಗುತ್ತೆ ಅಂತ ಎಲ್ಲರೂ ಅದನ್ನೇ ಮಾಡ್ತಾರೆ, ಆ ಪ್ರೆಶರಿಗೆ ಚೆನ್ನಾಗಿರೋ ಜಾಯಿಂಟೂ ಕಂಬದ ಒಳಗೆ ಕಳಚುತ್ತೆ. ಕಬ್ಬಿಣದ ತಂತಿಯೂ ಬೇಡ, ಪೈಪ್ ಒಳಗಡೆ ಹರಿಯುತ್ತೆ. ಕಳೆ ಹೊಡೆಯೋ ಮಷೀನಿನ ನೈಲಾನ್ ದಾರ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ, ತುದಿಯನ್ನ ಲೈಟರಲ್ಲಿ ಕರಗಿಸಿ ಗುಂಡಗೆ ಮಾಡ್ಕೊಂಡು, ತಿರುಗಿಸ್ತಾ ನಿಧಾನಕ್ಕೆ ಬಿಡಬೇಕು, ಜೊತೆಗೆ ಉಗುರುಬೆಚ್ಚಗಿನ ಸೋಪಿನ ನೀರು. ನಾಲ್ಕೂ ಪೈಪ್ ಹೀಗೆ ಮಾಡಿದೆ. ಎಡಗಡೆ ಹಿಂದಿನದ್ದು ಮಾತ್ರ ಪೈಪೇ ಹೊಸದು ಹಾಕಿ ಜಾಯಿಂಟಿಗೆ ಕ್ಲಿಪ್ ಕೊಟ್ಟೆ.

ಕೆಲಸ ಮುಗೀತು ಅನ್ನೋಷ್ಟರಲ್ಲಿ ಹಿಂದಿನ ಬಲಗಡೆ ಸೀಟಿನ ಕಾಲಿಡೋ ಜಾಗದ ಪೇಪರ್ ನೆಂದಿತ್ತು, ಕಂಬ ಒಣ, ಡಿಕ್ಕಿ ಒಣ. ನೀರಿನ ಗುರುತು ಡೋರಿನ ಹೊಸ್ತಿಲ ಮೇಲಿಂದ ಬಂದಿತ್ತು. ಹೀಗಿದ್ರೆ ಡೋರ್ ಒಳಗಿನ ಶೀಟ್ ನೋಡಿ. ಯಾವ ಕಾರಿನ ಡೋರ್ ಒಳಗೂ ಗಾಜಿನ ಪಕ್ಕದಿಂದ ನೀರು ಇಳಿದೇ ಇಳಿಯುತ್ತೆ, ಕೆಳಗಿನ ತೂತಿಂದ ಹೊರಗೆ ಹೋಗುತ್ತೆ, ಅದು ಡೋರ್ ಪ್ಯಾಡ್ ಕಡೆ ಬರದ ಹಾಗೆ ಫೋಮ್ ಶೀಟನ್ನ ಕಪ್ಪು ಬ್ಯುಟೈಲ್ ಅಂಟಲ್ಲಿ ಕೂರಿಸಿರ್ತಾರೆ. ಹಿಂದೆ ಯಾರೋ ಪವರ್ ವಿಂಡೋ ರಿಪೇರಿಗೆ ಪ್ಯಾಡ್ ಬಿಚ್ಚಿದೋರು ಶೀಟನ್ನ ಅರ್ಧ ಹಾಗೇ ಬಿಟ್ಟಿದ್ರು. ಹಳೇ ಅಂಟು ಪೂರ್ತಿ ತೆಗೆದು, ಸ್ಪಿರಿಟಲ್ಲಿ ಒರೆಸಿ, ಹೊಸ ಬ್ಯುಟೈಲ್ ಟೇಪ್ ಹಾಕಿ ಒತ್ತಿದೆ. ಇದಕ್ಕೂ ಸಿಲಿಕಾನ್ ಹಾಕೋರಿದಾರೆ, ಮುಂದಿನ ಸಲ ಬಿಚ್ಚುವಾಗ ಶೀಟೇ ಹರಿಯುತ್ತೆ.

ಆಮೇಲೆ ನಿಧಾನದ ಕೆಲಸ. ಹಸಿರು ಕಟ್ಟಿದ ವೈರ್ ಜಾಯಿಂಟ್‌ಗಳನ್ನ ಒಳ್ಳೆ ತಾಮ್ರ ಸಿಗೋವರೆಗೂ ಕತ್ತರಿಸಿ ಬೆಸುಗೆ ಹಾಕಿ ಹೀಟ್ ಶ್ರಿಂಕ್ ಸ್ಲೀವ್ ಏರಿಸಿದೆ, ಕನೆಕ್ಟರ್‌ಗಳಿಗೆ ಕಾಂಟ್ಯಾಕ್ಟ್ ಕ್ಲೀನರ್, ಬ್ಯಾಟರಿ ಗುಂಡಿಯ ತುಕ್ಕು ಉಜ್ಜಿ ಪ್ರೈಮರ್, ಪೇಂಟು. ಹಳೇ ಗಾಡಿಯಿಂದ ತೆಗೆದ ಆಂಪ್ಲಿಫೈಯರ್ ಬೆಂಗಳೂರಲ್ಲಿ ಸಿಕ್ತು. ಬ್ಯಾಟರಿ ಎಜಿಎಂ ಟೈಪಿಂದೇ (ಆಸಿಡ್ಡು ಗಾಜಿನ ನಾರಿನ ಹಾಳೆಯಲ್ಲಿ ಹೀರಿಕೊಂಡಿರೋದು) ಹಾಕಿ, ಹೊಸದು ಬಂದಿದೆ ಅಂತ ಸ್ಕ್ಯಾನರಲ್ಲಿ ಗಾಡಿಗೆ ರಿಜಿಸ್ಟರ್ ಮಾಡಿಸಿ, ಇಲ್ಲಾಂದ್ರೆ ಹಳೇ ಬ್ಯಾಟರಿ ಲೆಕ್ಕದಲ್ಲೇ ಚಾರ್ಜ್ ಮಾಡ್ತಾ ಹೊಸದರ ಆಯುಸ್ಸು ತಿನ್ನುತ್ತೆ.

ಈಗ ಪ್ರತಿ ಮೇ ತಿಂಗಳ ಕೊನೆಗೆ ನಾಲ್ಕು ಮೂಲೆಗೆ ನಾಲ್ಕು ಲೋಟ ನೀರು ಹಾಕಿ ನೋಡ್ತೀನಿ, ಮರದ ಕೆಳಗೆ ನಿಲ್ಸಲ್ಲ. ನೀವು ದೆಹಲಿ ಗಾಡಿ ನೋಡೋಕೆ ಹೋದ್ರೆ ಪಾಲಿಷ್ ನೋಡೋ ಮೊದಲು ಡಿಕ್ಕಿ ಫ್ಲೋರ್ ಎತ್ತಿಸಿ, ಮೂಲೆಗೆ ಕೈ ಹಾಕಿ, ಸೀಟಿನ ರೈಲು ಬೋಲ್ಟಿಗೆ ತುಕ್ಕಿದೆಯಾ ನೋಡಿ, ಮ್ಯಾಟ್ ಎತ್ತಿ ಕಾರ್ಪೆಟನ್ನ ಅಂಗೈಯಿಂದ ಗಟ್ಟಿಯಾಗಿ ಒತ್ತಿ. ಸನ್‌ರೂಫ್ ತೆಗೆದು ಒಂದು ಬಾಟಲಿ ನೀರು ಹಾಕ್ತೀನಿ ಅಂತ ಮಾರೋರಿಗೆ ನೇರವಾಗಿ ಕೇಳಿ. ಬೇಡ ಅಂದ್ರೆ ಆ ಗಾಡಿ ಬಿಡಿ, ಹಾಕೋಕೆ ಬಿಟ್ಟು ನೀರು ನಿಂತ್ರೆ ಕಾರ್ಪೆಟ್ಟು, ವೈರಿಂಗು, ಒಂದು ಡಬ್ಬ, ಬ್ಯಾಟರಿ ಇಷ್ಟರ ಖರ್ಚು ರೇಟಲ್ಲಿ ಇಳಿಸಿ ಮಾತಾಡಿ.