ರಿಫಂಡ್ ಬರಬೇಕಿತ್ತು, ಹಳೆಯ ಬಾಕಿ ಬಂತು

ಊರಿನ ಅರ್ಧ ಅಂಗಡಿಯವರ ಆದಾಯ ತೆರಿಗೆ ರಿಟರ್ನ್ ಸಲ್ಲಿಸಿಕೊಡುವವನು ನಾನು. 2023ರ ಸೆಪ್ಟೆಂಬರಿನಲ್ಲಿ ಇಲಾಖೆಯಿಂದ ನನಗೇ ಒಂದು ಇಮೇಲ್ ಬಂತು. ನನಗೆ ಬರಬೇಕಿದ್ದ 18,640 ರೂಪಾಯಿ ರಿಫಂಡನ್ನು 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 245ರಡಿ ಹಳೆಯ ಬಾಕಿಗೆ ಹೊಂದಿಸಿಕೊಳ್ಳುತ್ತಾರಂತೆ. ಒಪ್ಪದಿದ್ದರೆ 21 ದಿನದೊಳಗೆ ಉತ್ತರಿಸಬೇಕಂತೆ. ಬಾಕಿ 2019–20ರ ಅಸೆಸ್‌ಮೆಂಟ್ ವರ್ಷದ್ದು, 9,200 ರೂಪಾಯಿ. ತಿಂಗಳಿಗೆ ಶೇ 1ರಂತೆ 44 ತಿಂಗಳ ಬಡ್ಡಿ 4,048 ಹಾಕಿದರೆ 13,248.

ಆ ತೆರಿಗೆಯನ್ನು 2019ರ ಜುಲೈಯಲ್ಲೇ ಕಟ್ಟಿದ್ದೆ. ಹಳೆಯ ಕಡತ ತೆಗೆದು ಚಲನ್ ನೋಡಿದಾಗ ನಾಚಿಕೆಯಾಯಿತು. ಆದಾಯ ಗಳಿಸಿದ್ದು 2018–19ರಲ್ಲಿ; ಅಸೆಸ್‌ಮೆಂಟ್ ವರ್ಷ ಅದರ ಮುಂದಿನದು. ನಾನು ಚಲನ್ನಿನಲ್ಲಿ ಆರಿಸಿದ್ದು 2018–19. ಹಣ ಸರ್ಕಾರಕ್ಕೆ ಸೇರಿತ್ತು, ಆದರೆ ಬೇರೆ ವರ್ಷದ ಖಾತೆಯಲ್ಲಿ ಕುಳಿತಿತ್ತು. 2020ರ ಜನವರಿಯಲ್ಲೇ, ರಿಟರ್ನ್ ಪರಿಶೀಲಿಸಿದ ಮೇಲೆ ಇಲಾಖೆ ಕಳಿಸುವ ಸೆಕ್ಷನ್ 143(1)ರ ತಿಳಿವಳಿಕೆ ಪತ್ರದಲ್ಲಿ ಈ ಬಾಕಿಯನ್ನು ಹೇಳಿದ್ದರು. ಕಕ್ಷಿದಾರರಿಗೆ ಬಂದ ಪತ್ರವಾಗಿದ್ದರೆ ಅದೇ ದಿನ ಓದುತ್ತಿದ್ದೆ. ನನ್ನದನ್ನು ತೆರೆದೇ ಇರಲಿಲ್ಲ. ನಡುವಿನ ವರ್ಷಗಳಲ್ಲಿ ನನಗೆ ರಿಫಂಡೇ ಇರಲಿಲ್ಲವಾದ್ದರಿಂದ ಬಾಕಿ ಸದ್ದಿಲ್ಲದೆ ಬೆಳೆದಿತ್ತು.

ಇಲಾಖೆಯ ಪೋರ್ಟಲ್‌ನಲ್ಲಿ ಬಾಕಿ ಬೇಡಿಕೆಗೆ ಉತ್ತರಿಸುವ ಪುಟ ತೆರೆದೆ. ಇಲ್ಲಿ ಆತುರ ಬೇಡ. ನನ್ನ ಕಕ್ಷಿದಾರರೊಬ್ಬರು, ನಿವೃತ್ತ ಮೇಷ್ಟ್ರು, ಬೇಗ ಹಣ ಬರಲೆಂದು ‘ಬೇಡಿಕೆ ಸರಿ ಇದೆ’ ಎಂಬುದನ್ನು ಒತ್ತಿದ್ದರು. ಒಮ್ಮೆ ಹಾಗೆ ಒಪ್ಪಿದ ಮೇಲೆ ಅಲ್ಲಿ ತಕರಾರು ಎತ್ತಲು ಬರುವುದಿಲ್ಲ. ಸುಮ್ಮನಿದ್ದರೂ ಅವಧಿ ಮುಗಿದ ಮೇಲೆ ಹೊಂದಾಣಿಕೆ ನಡೆಯುತ್ತದೆ. ನಾನು ‘ಒಪ್ಪುವುದಿಲ್ಲ’ ಎಂದು ಆರಿಸಿ, ತೆರಿಗೆ ಕಟ್ಟಿಯಾಗಿದೆ ಎಂಬ ಕಾರಣ ಕೊಟ್ಟೆ. ಬ್ಯಾಂಕ್ ಶಾಖೆಯ ಏಳಂಕಿಯ ಬಿಎಸ್‌ಆರ್ ಕೋಡ್, ದಿನಾಂಕ, ಚಲನ್ ಕ್ರಮಸಂಖ್ಯೆ, ಮೊತ್ತ ತುಂಬಿಸಿ ಚಲನ್ ಪ್ರತಿಯನ್ನು ಲಗತ್ತಿಸಿದೆ.

ಅದರಿಂದ ಹೊಂದಾಣಿಕೆ ನಿಂತಿತೇ ಹೊರತು ಬಾಕಿ ಅಳಿಯಲಿಲ್ಲ. ಆಗಿನ ಕ್ರಮದಲ್ಲಿ ಚಲನ್ನಿನ ವರ್ಷ ತಿದ್ದಲು ಬ್ಯಾಂಕಿಗೆ ಸಿಗುತ್ತಿದ್ದುದು ಕೆಲವೇ ದಿನ. ಆಮೇಲೆ ತಿದ್ದುವ ಅಧಿಕಾರ ನಮ್ಮ ವ್ಯಾಪ್ತಿಯ ಅಸೆಸಿಂಗ್ ಅಧಿಕಾರಿಯದು, ಅಂದರೆ ತೆರಿಗೆ ನಿರ್ಧರಿಸುವ ಅಧಿಕಾರಿಯದಾಗಿತ್ತು. ಅರ್ಜಿ, ಪಾನ್ ಪ್ರತಿ, ಚಲನ್, ಬ್ಯಾಂಕ್ ಸ್ಟೇಟ್‌ಮೆಂಟ್ ಹಿಡಿದು ಎರಡು ಸಲ ಹೋದೆ. ಅಧಿಕಾರಿ ಚಲನ್ ನೋಡಿ, ‘ನೀವೇ ಹೀಗೆ ಮಾಡಿದರೆ ಹೇಗೆ?’ ಎಂದು ನಕ್ಕರು. ನಾನೂ ನಕ್ಕೆ, ಇನ್ನೇನು ಮಾಡಲಿ.

ನವೆಂಬರಿನಲ್ಲಿ, ನಮ್ಮ ಹೆಸರಿಗೆ ಜಮೆಯಾದ ತೆರಿಗೆ ತೋರಿಸುವ ಫಾರ್ಮ್ 26ಎಎಸ್‌ನಲ್ಲಿ ಆ 9,200 ಸರಿಯಾದ ವರ್ಷಕ್ಕೆ ಬಂದು ಕೂತಿತು. ಅಂದೇ, ಆದೇಶದಲ್ಲಿನ ತಪ್ಪು ತಿದ್ದಿಸುವ ಸೆಕ್ಷನ್ 154ರಡಿ, ರಿಟರ್ನನ್ನು ಮತ್ತೊಮ್ಮೆ ಪರಿಶೀಲಿಸಲು ಇಲಾಖೆಯನ್ನು ಕೋರಿದೆ. ಆದೇಶವಾದ ಹಣಕಾಸು ವರ್ಷ ಮುಗಿದ ಮೇಲೆ ಇದಕ್ಕೆ ನಾಲ್ಕು ವರ್ಷ ಅವಕಾಶ. ನನ್ನದು 2024ರ ಮಾರ್ಚ್ 31ಕ್ಕೆ ಮುಗಿಯುವುದಿತ್ತು. ಇನ್ನೊಂದು ಚಳಿಗಾಲ ಕಡತ ತೆರೆಯದಿದ್ದರೆ ಕೆಟ್ಟಿದ್ದೆ. 2024ರ ಮಧ್ಯಂತರ ಬಜೆಟ್ಟಿನಲ್ಲಿ ಹಳೆಯ ಸಣ್ಣ ಬಾಕಿಗಳನ್ನು ಮನ್ನಾ ಮಾಡಿದರು, ನಿಜ. ಆದರೆ ಅದು 2014–15ರ ಹಣಕಾಸು ವರ್ಷದವರೆಗಿನವಕ್ಕೆ ಮಾತ್ರ.

ಬ್ಯಾಂಕ್ ಸಾಲ ಬಾಕಿ ಇದ್ದರೆ ಇಲಾಖೆ ರಿಫಂಡ್ ಹಿಡಿಯುತ್ತದೆಯೇ ಎಂದು ಅಂಗಡಿಯವರು ಕೇಳುತ್ತಿರುತ್ತಾರೆ. ಸೆಕ್ಷನ್ 245ರಡಿ ಹೊಂದಿಸಿಕೊಳ್ಳುವುದು ಆದಾಯ ತೆರಿಗೆ ಕಾಯ್ದೆಯ ಬಾಕಿಗೆ ಮಾತ್ರ. ಆದರೆ ಸುಸ್ತಿಸಾಲ ಇರುವ ಬ್ಯಾಂಕಿನ ಖಾತೆಯನ್ನೇ ರಿಫಂಡಿಗೆ ಕೊಟ್ಟಿದ್ದರೆ, ಹಣ ಜಮೆಯಾದ ಮೇಲೆ ಆ ಬ್ಯಾಂಕ್ ಏನು ಮಾಡುತ್ತದೆಂಬುದು ಬೇರೆಯೇ ಕಥೆ.

ಜನವರಿಯಲ್ಲಿ ನನ್ನ ರಿಫಂಡ್ ಪೂರ್ತಿ ಬಂತು, ಜೊತೆಗೆ 930 ರೂಪಾಯಿ ಬಡ್ಡಿ. ನಾವು ಕೊಡುವಾಗ ತಿಂಗಳಿಗೆ ಶೇ 1, ಅವರು ಕೊಡುವಾಗ ಶೇ ಅರ್ಧ. ಆ 930ಕ್ಕೂ ತೆರಿಗೆ ಇದೆ. ಮುಂದಿನ ರಿಟರ್ನಿಗೆಂದು ಆಗಲೇ ಬರೆದಿಟ್ಟುಕೊಂಡೆ.